ನೀಲಕ್ಕನ ಜೆಟ್ಟು, ಕಾಗೆಯ ವಡೆ

ನಂಜನಗೂಡಿನಲ್ಲಿ ಒಂದು ಬೀದಿ. ಬೀದಿಯಲ್ಲಿ ಒಂದು ಮನೆ. ಮನೆಯ ಪಕ್ಕ ಒಂದು ತಗಡಿನ ಶೆಡ್ಡು. ಶೆಡ್ಡಿನೊಳಗೆ ಯಾರಿದ್ದಳು? ನೀಲಕ್ಕ ಇದ್ದಳು.

ನೀಲಕ್ಕ ಅಂದರೆ ಹಸು ಅಲ್ಲ. ನೀಲಕ್ಕ ಅಂದರೆ ಎಮ್ಮೆ ಅಲ್ಲ. ನೀಲಕ್ಕ ಅಂದರೆ ಕಾರು! ಹಳೇ ಕಾರು. ನಿಮ್ಮ ಅಪ್ಪ ಹುಟ್ಟೋದಕ್ಕೂ ಮುಂಚಿನ ಕಾರು. ಆಕಾಶದ ಬಣ್ಣ. ಗುಂಡು ಗುಂಡು ಬೆನ್ನು. ಕಪ್ಪೆಗೆ ಇರುತ್ತಲ್ಲ, ಅಂಥ ಎರಡು ಕಣ್ಣು. ಹಾರನ್ ಒತ್ತಿದರೆ "ಪೋಂಯ್!" ಅಂತಾಳೆ. ಎಲ್ಲಿ, ನೀವೂ ಅನ್ನಿ ನೋಡೋಣ. "ಪೋಂಯ್!" ಹಾಂ, ಹಾಗೇ.

ನೀಲಕ್ಕನ ಡ್ರೈವರ್ ಯಾರು? ತಮ್ಮಯ್ಯಜ್ಜ.
ನೀಲಕ್ಕನ ಮೈ ಒರೆಸೋರು ಯಾರು? ತಮ್ಮಯ್ಯಜ್ಜ.
ನೀಲಕ್ಕನ ಮೆಕ್ಯಾನಿಕ್ ಯಾರು? ಅದೂ ತಮ್ಮಯ್ಯಜ್ಜ.

"ಗ್ಯಾರೇಜಿಗೆ ಕಳಿಸಿ" ಅಂದರೆ ಅಜ್ಜನಿಗೆ ಮೂಗಿನ ತುದಿಗೆ ಸಿಟ್ಟು. "ಮನೆ ಮಗಳನ್ನ ಯಾರಾದ್ರೂ ಕಂಡೋರ ಮನೆಗೆ ಕಳಿಸ್ತಾರಾ?" ಅಂತ ಕೇಳುತ್ತಿದ್ದ.

"ಕಳಿಸ್ತಾರಲ್ಲ, ಮದುವೆ ಮಾಡಿ" ಅನ್ನುತ್ತಿದ್ದಳು ಪುಟ್ಟತಾಯಜ್ಜಿ. ಅವಳು ಅಜ್ಜನ ಹೆಂಡತಿ. ಅವಳ ಬಾಯಿಗೆ ಅಜ್ಜ ಎದುರು ಹೇಳಿದ್ದೇ ಇಲ್ಲ.

ಅಜ್ಜ ಮನೇಲೇ ಎಲ್ಲ ಮಾಡುತ್ತಿದ್ದ. ನೀಲಕ್ಕನ ಮಂಕು ಬಲ್ಬು ತೆಗೆದ, ಹೊಸ ಬಲ್ಬು ಹಾಕಿದ. ಹಿಂದಿನ ಸೀಟಿಗೆ ಬೆಲ್ಟೇ ಇರಲಿಲ್ಲ, ಹೊಸ ಬೆಲ್ಟು ಹಾಕಿದ. ಅಳ್ಳಾಡೋ ಬಾಗಿಲಿಗೆ ಹೊಸ ರಬ್ಬರು ಹಾಕಿದ. ನೀಲಕ್ಕ ಹಳಬಳೇ, ಆದರೆ ಹೊಸಬಳ ಹಾಗೆ ಮಿಂಚುತ್ತಿದ್ದಳು.

ಇಷ್ಟೆಲ್ಲ ಯಾಕೆ ಮಾಡಿದ? ಯಾಕೆ ಅಂದರೆ ಪಾಪು ಬರ್ತಾ ಇತ್ತು!

ಅಜ್ಜನ ಮಗಳು ನಳಿನಿ. ನಳಿನಿಗೆ ಪಾಪು ಹುಟ್ಟಿತ್ತು. ಐದು ದಿನದ ಪಾಪು. ಅವತ್ತು ಸಾಯಂಕಾಲ ಐದು ಗಂಟೆಗೆ ಆಸ್ಪತ್ರೆಯಿಂದ ಮನೆಗೆ ಹೊರಡಬೇಕು. ಮನೆಯಲ್ಲಿ ದೀಪ ಹಚ್ಚೋದರೊಳಗೆ ಬರಬೇಕು. ಮತ್ತೆ, ನೀಲಕ್ಕನಲ್ಲೇ ಬರಬೇಕು. ಯಾಕೆ ಅಂದರೆ ಆ ಮನೆಯ ಪಾಪುಗಳೆಲ್ಲ ಬಂದದ್ದು ನೀಲಕ್ಕನಲ್ಲಿ. ಅಜ್ಜನ ದೊಡ್ಡ ಮಗ ಬಂದ, ನೀಲಕ್ಕನಲ್ಲಿ. ಚಿಕ್ಕ ಮಗ ಬಂದ, ನೀಲಕ್ಕನಲ್ಲಿ. ನಳಿನಿ ತಾನೇ ಪಾಪು ಆಗಿದ್ದಾಗ ಬಂದಳು, ನೀಲಕ್ಕನಲ್ಲಿ. ಈ ಪಾಪು ಮಾತ್ರ ಬಿಡೋದುಂಟೇ?

ಆದರೆ ಅವತ್ತು ಬೆಳಿಗ್ಗೆ ನೀಲಕ್ಕ ಕೆಮ್ಮಿದಳು. "ಕೊರ್. ಕೊರ್. ಕೊರ್."

"ಅಯ್ಯೋ, ಮೂಗು ಕಟ್ಟಿದೆ" ಅಂದ ಅಜ್ಜ.

ಕಾರಿಗೆ ಮೂಗು ಇರುತ್ತಾ? ಇರುತ್ತೆ. ಹಳೇ ಕಾರಿಗೆ ಇರುತ್ತೆ. ಅದರ ಹೆಸರು ಕಾರ್ಬ್ಯುರೇಟರ್. ಅಲ್ಲಿ ಗಾಳಿ ಬರುತ್ತೆ, ಪೆಟ್ರೋಲ್ ಬರುತ್ತೆ, ಎರಡೂ ಕೂಡಿ ಎಂಜಿನ್ನಿಗೆ ಹೋಗುತ್ತೆ. ಮೂಗು ಕಟ್ಟಿದರೆ ಕಾರು ಓಡಲ್ಲ. ಬಿಚ್ಚಬೇಕು, ತೊಳೀಬೇಕು, ಜೋಡಿಸಬೇಕು. ಅಷ್ಟೇ ಕೆಲಸ.

ಆದರೆ ಬಿಚ್ಚಿದ್ದನ್ನು ಎಲ್ಲಿ ಇಡೋದು? ಅದಕ್ಕೆ ಅಜ್ಜನ ಹತ್ತಿರ ಒಂದು ಉಪಾಯ. ಹಿತ್ತಲಿಗೆ ಹೋಗಿ ಒಂದು ಬಾಳೆಲೆ ಕೊಯ್ದು ತರುತ್ತಿದ್ದ. ಊಟಕ್ಕೆ ಬಡಿಸೋ ಹಾಗೆ ಎಲೆ ಮೇಲೆ ಸಾಲಾಗಿ ಇಡುತ್ತಿದ್ದ. ಉಪ್ಪಿನ ಜಾಗದಲ್ಲಿ ಸ್ಕ್ರೂ. ಕೋಸಂಬರಿ ಜಾಗದಲ್ಲಿ ಸ್ಪ್ರಿಂಗು. ಪಲ್ಯದ ಜಾಗದಲ್ಲಿ ಮುಚ್ಚಳ. ವಡೆ ಜಾಗದಲ್ಲಿ ಜೆಟ್ಟು. ಹಾಗಿಟ್ಟರೆ ಯಾವುದೂ ತಪ್ಪಲ್ಲ, ಯಾವುದೂ ಮರೆಯಲ್ಲ.

ಜೆಟ್ಟು ಅಂದರೆ ಏನು? ಒಂದು ಹಿತ್ತಾಳೆ ಚೂರು. ಇಷ್ಟೇ ಇಷ್ಟು, ಕಡಲೆಕಾಳಿನಷ್ಟು. ನಡುವೆ ಒಂದು ತೂತು. ಆ ತೂತಿನಲ್ಲೇ ಪೆಟ್ರೋಲ್ ಚಿಮ್ಮೋದು. ಅಂಥ ಜೆಟ್ಟು ಈಗ ಯಾವ ಅಂಗಡಿಯಲ್ಲೂ ಸಿಗಲ್ಲ.

ಅಜ್ಜ ಎಲೆ ಹಾಕಿದ. ಅಂಗಳದಲ್ಲಿ ಹಾಕಿದ. ಎಲ್ಲ ಸಾಲಾಗಿ ಬಡಿಸಿದ. ಕೈ ಒರೆಸೋಕೆ ಬಟ್ಟೆ ತರೋಣ ಅಂತ ಒಳಗೆ ಹೋದ.

ಹೊರಗೆ ಬಂದು ನೋಡುತ್ತಾನೆ. ಸ್ಕ್ರೂ ಇದೆ. ಸ್ಪ್ರಿಂಗು ಇದೆ. ಮುಚ್ಚಳ ಇದೆ. ಜೆಟ್ಟು ಎಲ್ಲಿ?

ಜೆಟ್ಟು ಇಲ್ಲ!

ತೆಂಗಿನ ಮರದ ಮೇಲಿಂದ "ಕಾ!" ಅಂತ ಕೇಳಿಸಿತು. ತಲೆ ಎತ್ತಿದರೆ, ಗರಿಯ ಮೇಲೆ ಕಾಗೆ. ಕಾಗೆಯ ಕಾಲಿನಲ್ಲಿ ಜೆಟ್ಟು. ಮಿಣ ಮಿಣ ಮಿಣ ಹೊಳೀತಿದೆ.

"ಕಾಗೆ ಕಾಗೆ, ನನ್ನ ಜೆಟ್ಟು ಕೊಡು. ಜೆಟ್ಟು ನೀಲಕ್ಕನಿಗೆ. ನೀಲಕ್ಕ ಪಾಪೂನ ತರ್ತಾಳೆ."

"ಯಾವ ಜೆಟ್ಟು? ಇದು ವಡೆ!" ಅಂತು ಕಾಗೆ.

"ವಡೆ ಅಲ್ಲ, ಮಾರಾಯ್ತಿ!"

"ಎಲೆ ಹಾಕಿದ್ದು ಯಾರು?"

"ನಾನೇ."

"ಬಡಿಸಿದ್ದು ಯಾರು?"

"ನಾನೇ."

"ಹೊಂಬಣ್ಣ ಇದೆಯೋ ಇಲ್ವೋ?"

"ಇದೆ."

"ನಡುವೆ ತೂತು ಇದೆಯೋ ಇಲ್ವೋ?"

"ಇದೆ."

"ಮತ್ತೆ ವಡೆ ಅಲ್ಲದೆ ಇನ್ನೇನು? ನಿಮ್ಮ ತಾತನ ಕಾಲದಿಂದ ಎಲೆ ಹಾಕ್ತೀರಿ, ಕಾ ಕಾ ಅಂತ ಕರೀತೀರಿ, ನಾವು ಬರ್ತೀವಿ. ಇವತ್ತು ಕರೆಯೋದರೊಳಗೇ ಬಂದೆ. ಕಚ್ಚಿದರೆ ಕೊಕ್ಕು ನೋಯ್ತು! ಕಬ್ಬಿಣದ ವಡೆ ಬಡಿಸ್ತೀಯಾ? ನಾಚಿಕೆ ಆಗಲ್ವಾ?"

"ಕಬ್ಬಿಣ ಅಲ್ಲ, ಹಿತ್ತಾಳೆ" ಅಂದ ಅಜ್ಜ ಮೆಲ್ಲಗೆ.

"ನಿಜವಾದ ವಡೆ ತಗೊಂಡು ಬಾ. ಬಿಸಿ ಬಿಸಿ ಉದ್ದಿನ ವಡೆ. ಆಮೇಲೆ ಜೆಟ್ಟು ಕೊಡ್ತೀನಿ. ಕಾ!"

ಅಜ್ಜ ಅಡುಗೆಮನೆಗೆ ಹೋದ. ಪುಟ್ಟತಾಯಜ್ಜಿ ತೊಟ್ಟಿಲ ಬಟ್ಟೆ ಮಡಿಸುತ್ತಿದ್ದಳು.

"ಪುಟ್ಟತಾಯೀ, ಪುಟ್ಟತಾಯೀ, ವಡೆ ಕೊಡು.
ವಡೆ ಕಾಗೆಗೆ. ಕಾಗೆ ಜೆಟ್ಟು ಕೊಡುತ್ತೆ.
ಜೆಟ್ಟು ನೀಲಕ್ಕನಿಗೆ. ನೀಲಕ್ಕ ಪಾಪೂನ ತರ್ತಾಳೆ."

"ಉದ್ದು ನೆನೆಸಿದ್ದೀನಿ" ಅಂದಳು ಅಜ್ಜಿ. "ಪಾಪು ಬರೋ ದಿನ, ವಡೆ ಮಾಡೋಣ ಅಂತಲೇ ನೆನೆಸಿದ್ದೀನಿ. ರುಬ್ಬೋದು ಎಲ್ಲಿ, ನಿಮ್ಮ ತಲೆ ಮೇಲಾ?"

"ಒರಳಿದೆಯಲ್ಲ."

"ಒರಳು ಸವೆದು ಕನ್ನಡಿ ಆಗಿದೆ. ಮುಖ ನೋಡಿಕೊಳ್ಳಬಹುದು. ಮುಳ್ಳು ಹೊಡೆಸಿ, ಮುಳ್ಳು ಹೊಡೆಸಿ ಅಂತ ಆರು ತಿಂಗಳಿಂದ ಹೇಳ್ತಿದ್ದೀನಿ. ನಿಮಗೆ ಮೂರು ಹೊತ್ತೂ ನೀಲಕ್ಕಂದೇ ಧ್ಯಾನ."

"ಮಿಕ್ಸಿ ಇದೆಯಲ್ಲ?" ಅಂದುಬಿಟ್ಟ ಅಜ್ಜ. ಅನ್ನಬಾರದಿತ್ತು.

"ಮಿಕ್ಸಿ!" ಅಜ್ಜಿ ಸೊಂಟದ ಮೇಲೆ ಕೈ ಇಟ್ಟಳು. "ಮಿಕ್ಸಿಯ ಮೋಟಾರು ಬಿಚ್ಚಿ ನೀಲಕ್ಕನ ವೈಪರಿಗೆ ಹಾಕಿದವರು ಯಾರು? ನಾನಾ?"

ಅಜ್ಜ ಮೆಲ್ಲಗೆ ಬಾಗಿಲ ಕಡೆ ಸರಿದ.

"ಹೋಗಿ, ಒರಳಿಗೆ ಮುಳ್ಳು ಹೊಡೆಸಿಕೊಡಿ. ವಡೆ ಮಾಡಿಕೊಡ್ತೀನಿ."

ಅಜ್ಜ ಹೊರಟ. ನಡೆದ, ನಡೆದ, ದಡ ದಡ ನಡೆದ. ಬೀದಿ ಕೊನೆಯ ಹೊಂಗೆ ಮರದ ಕೆಳಗೆ ದುರ್ಗವ್ವ ಕೂತಿದ್ದಳು. ಸವೆದ ಒರಳನ್ನ, ಬೀಸೋ ಕಲ್ಲನ್ನ ಟಕ ಟಕ ಅಂತ ಕುಟ್ಟಿ ತರಿ ತರಿ ಮಾಡೋದು, ಅಂದರೆ ಮುಳ್ಳು ಹೊಡೆಯೋದು, ಅವಳ ಕೆಲಸ.

"ದುರ್ಗವ್ವ, ದುರ್ಗವ್ವ, ಒರಳಿಗೆ ಮುಳ್ಳು ಹೊಡಿ.
ಒರಳು ಅಜ್ಜಿಗೆ. ಅಜ್ಜಿ ವಡೆ ಮಾಡ್ತಾಳೆ.
ವಡೆ ಕಾಗೆಗೆ. ಕಾಗೆ ಜೆಟ್ಟು ಕೊಡುತ್ತೆ.
ಜೆಟ್ಟು ನೀಲಕ್ಕನಿಗೆ. ನೀಲಕ್ಕ ಪಾಪೂನ ತರ್ತಾಳೆ."

"ಏನು ಕಾರಜ್ಜೋ, ಇವತ್ತು ನಡ್ಕೊಂಡು ಬಂದ್ಬುಟ್ಟೆ!" ಅಂತ ನಕ್ಕಳು ದುರ್ಗವ್ವ. "ಹೊಡಿಯಾಕೆ ನನಗೇನು ಕಷ್ಟ? ಇಕಾ, ಉಳಿ ನೋಡು. ಮೊಂಡು. ಇದರಲ್ಲಿ ಬೆಣ್ಣೇನೂ ಕೊಯ್ಯಾಕಾಗಲ್ಲ. ಕುಲುಮೇಲಿ ಹದ ಮಾಡಿಸ್ಕೊಂಡು ಬಾ. ಒಂದೇ ಗಳಿಗೆಗೆ ಹೊಡ್ಕೊಡ್ತೀನಿ."

ಅಜ್ಜ ಉಳಿ ತೆಗೆದುಕೊಂಡ. ನಡೆದ, ನಡೆದ, ದಡ ದಡ ನಡೆದ. ಕುಲುಮೆಯಲ್ಲಿ ಮುನಾಚಾರಿ ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದ. ಮುನಾಚಾರಿ ಕಮ್ಮಾರ. ಬೆಂಕಿ ಉರಿದರೆ ಮಾತ್ರ ಅವನ ಮುಖದಲ್ಲಿ ನಗು. ಅವತ್ತು ಬೆಂಕಿ ಇರಲಿಲ್ಲ.

"ಆಚಾರೀ, ಆಚಾರೀ, ಉಳಿ ಹದ ಮಾಡು.
ಉಳಿ ದುರ್ಗವ್ವನಿಗೆ. ದುರ್ಗವ್ವ ಒರಳಿಗೆ ಮುಳ್ಳು ಹೊಡೀತಾಳೆ.
ಒರಳು ಅಜ್ಜಿಗೆ. ಅಜ್ಜಿ ವಡೆ ಮಾಡ್ತಾಳೆ.
ವಡೆ ಕಾಗೆಗೆ. ಕಾಗೆ ಜೆಟ್ಟು ಕೊಡುತ್ತೆ.
ಜೆಟ್ಟು ನೀಲಕ್ಕನಿಗೆ. ನೀಲಕ್ಕ ಪಾಪೂನ ತರ್ತಾಳೆ."

"ಉದ್ದ ಕತೆ" ಅಂದ ಆಚಾರಿ. "ನಂದು ಗಿಡ್ಡ ಕತೆ. ತಿದಿ ಹರಿದಿದೆ. ಗಾಳಿ ಇಲ್ಲ. ಗಾಳಿ ಇಲ್ಲ ಅಂದ್ರೆ ಬೆಂಕಿ ಇಲ್ಲ. ಬೆಂಕಿ ಇಲ್ಲ ಅಂದ್ರೆ ಹದ ಇಲ್ಲ."

ತಿದಿ ಅಂದರೆ ಬುಸ್ ಬುಸ್ ಅಂತ ಬೆಂಕಿಗೆ ಗಾಳಿ ಊದೋ ಚರ್ಮದ ಚೀಲ. ಅದರ ಹೊಟ್ಟೆಯಲ್ಲಿ ಒಂದು ಗೇಣು ಸೀಳು.

"ನಿನ್ನ ತಿದಿಗೂ ನನ್ನ ನೀಲಕ್ಕಂಗೂ ಒಂದೇ ಕಾಯಿಲೆ" ಅಂದ ಅಜ್ಜ. "ಇಬ್ಬರಿಗೂ ಉಸಿರಿಲ್ಲ!"

"ಹೊಲಿಸಿಕೊಂಡು ಬಾ ಹಾಗಾದ್ರೆ. ಹದ ಮಾಡ್ತೀನಿ."

ಅಜ್ಜ ತಿದಿ ಹೆಗಲಿಗೆ ಹಾಕಿಕೊಂಡ. ನಡೆದ, ನಡೆದ, ದಡ ದಡ ನಡೆದ. ಜಬ್ಬಾರನ ಅಂಗಡಿಗೆ ಬಂದ. ಜಬ್ಬಾರ್ ಕಾರಿನ ಸೀಟು ಹೊಲಿಯೋನು. ನೀಲಕ್ಕನ ಕೆಂಪು ಸೀಟು ಹೊಲಿದವನೂ ಅವನೇ.

"ಜಬ್ಬಾರೂ, ಜಬ್ಬಾರೂ, ತಿದಿ ಹೊಲಿ.
ತಿದಿ ಆಚಾರಿಗೆ. ಆಚಾರಿ ಉಳಿ ಹದ ಮಾಡ್ತಾನೆ.
ಉಳಿ ದುರ್ಗವ್ವನಿಗೆ. ದುರ್ಗವ್ವ ಒರಳಿಗೆ ಮುಳ್ಳು ಹೊಡೀತಾಳೆ.
ಒರಳು ಅಜ್ಜಿಗೆ. ಅಜ್ಜಿ ವಡೆ ಮಾಡ್ತಾಳೆ.
ವಡೆ ಕಾಗೆಗೆ. ಕಾಗೆ ಜೆಟ್ಟು ಕೊಡುತ್ತೆ.
ಜೆಟ್ಟು ನೀಲಕ್ಕನಿಗೆ. ನೀಲಕ್ಕ ಪಾಪೂನ ತರ್ತಾಳೆ."

"ಅರೇ ತಮ್ಮಯ್ಯಣ್ಣಾ, ಪಾಪು ಬರ್ತದಾ! ಖುಷಿ ಸಮಾಚಾರ!" ಜಬ್ಬಾರ್ ಎದ್ದು ನಿಂತ. ಆಮೇಲೆ ಮತ್ತೆ ಕೂತ. "ಸೂಜಿ ಐತೆ. ದಾರ ಐತೆ. ಮೇಣ ಇಲ್ಲ. ಮೇಣ ಸವರದೆ ಹೊಲಿದ್ರೆ ಚರ್ಮ ದಾರಾನ ತಿಂದ್ಬಿಡ್ತದೆ. ನಾಳೆ ಆಚಾರಿ ನನ್ನ ತಿಂದ್ಬಿಡ್ತಾನೆ. ಸ್ವಲ್ಪ ಜೇನುಮೇಣ ತಂದ್ಕೊಡಿ. ಈಗಲೇ ಹೊಲೀತೀನಿ."

ಅಷ್ಟು ಹೊತ್ತಿಗೆ ಅಜ್ಜನ ಜೇಬಿನಲ್ಲಿ ಫೋನು ಕುಣಿಯಿತು. ನಳಿನಿ!

"ಅಪ್ಪಾ, ನೀಲಕ್ಕ ರೆಡೀನಾ?"

"ರೆಡಿ... ಆಗ್ತಾ ಇದ್ದಾಳೆ."

"ಅಪ್ಪಾ, ಧ್ವನಿ ಯಾಕೋ ಸರಿ ಇಲ್ಲ. ತೊಂದರೆ ಇದ್ರೆ ಹೇಳಿ, ಆಟೋ ಹಿಡೀತೀನಿ."

"ಆಟೋ ಬೇಡ! ಐದು ಗಂಟೆಗೆ ಬಾಗಿಲಲ್ಲಿ ನಿಂತಿರು. ನೀಲಕ್ಕ ಬರ್ತಾಳೆ. ಬಂದೇ ಬರ್ತಾಳೆ."

ಫೋನು ಜೇಬಿಗೆ ಹೋಯಿತು. ಸೂರ್ಯ ನಡುನೆತ್ತಿ ದಾಟಿದ.

ನಡೆದ, ನಡೆದ, ದಡ ದಡ ನಡೆದ. ಹಳೇ ಗೋಡೆಯ ಸಂದಿನಲ್ಲಿ ಜೇನುಹುಳಗಳ ಗೂಡು.

"ಜೇನೇ, ಜೇನೇ, ಮೇಣ ಕೊಡು.
ಮೇಣ ಜಬ್ಬಾರನಿಗೆ. ಜಬ್ಬಾರ ತಿದಿ ಹೊಲೀತಾನೆ.
ತಿದಿ ಆಚಾರಿಗೆ. ಆಚಾರಿ ಉಳಿ ಹದ ಮಾಡ್ತಾನೆ.
ಉಳಿ ದುರ್ಗವ್ವನಿಗೆ. ದುರ್ಗವ್ವ ಒರಳಿಗೆ ಮುಳ್ಳು ಹೊಡೀತಾಳೆ.
ಒರಳು ಅಜ್ಜಿಗೆ. ಅಜ್ಜಿ ವಡೆ ಮಾಡ್ತಾಳೆ.
ವಡೆ ಕಾಗೆಗೆ. ಕಾಗೆ ಜೆಟ್ಟು ಕೊಡುತ್ತೆ.
ಜೆಟ್ಟು ನೀಲಕ್ಕನಿಗೆ. ನೀಲಕ್ಕ ಪಾಪೂನ ತರ್ತಾಳೆ."

"ಝುಂ! ಝುಂ! ಝುಂ!" ಅಂದವು ಜೇನುಹುಳಗಳು, ಎಲ್ಲ ಒಟ್ಟಿಗೆ. "ಮೇಣ ಇದೆ! ಕೊಡೋಕೆ ಪುರುಸೊತ್ತಿಲ್ಲ! ಹೂ ಹುಡುಕ್ತಿದ್ದೀವಿ! ಬೀದಿಯಲ್ಲಿ ಒಂದೂ ಹೂ ಇಲ್ಲ! ಹೂ ತೋರಿಸು! ಮೇಣ ತಗೋ! ಝುಂ!"

ಗೋಡೆಯ ಆ ಕಡೆ ಒಂದು ಕುಂಬಳದ ಬಳ್ಳಿ. ಎಲೆ ಬಾಡಿ, ಕುಡಿ ಬಗ್ಗಿ, ಮೈ ಚೆಲ್ಲಿ ಬಿದ್ದಿತ್ತು.

"ಬಳ್ಳೀ, ಬಳ್ಳೀ, ಹೂ ಕೊಡು.
ಹೂ ಜೇನಿಗೆ. ಜೇನು ಮೇಣ ಕೊಡುತ್ತೆ.
ಮೇಣ ಜಬ್ಬಾರನಿಗೆ. ಜಬ್ಬಾರ ತಿದಿ ಹೊಲೀತಾನೆ.
ತಿದಿ ಆಚಾರಿಗೆ. ಆಚಾರಿ ಉಳಿ ಹದ ಮಾಡ್ತಾನೆ.
ಉಳಿ ದುರ್ಗವ್ವನಿಗೆ. ದುರ್ಗವ್ವ ಒರಳಿಗೆ ಮುಳ್ಳು ಹೊಡೀತಾಳೆ.
ಒರಳು ಅಜ್ಜಿಗೆ. ಅಜ್ಜಿ ವಡೆ ಮಾಡ್ತಾಳೆ.
ವಡೆ ಕಾಗೆಗೆ. ಕಾಗೆ ಜೆಟ್ಟು ಕೊಡುತ್ತೆ.
ಜೆಟ್ಟು ನೀಲಕ್ಕನಿಗೆ. ನೀಲಕ್ಕ ಪಾಪೂನ ತರ್ತಾಳೆ."

ಬಳ್ಳಿ ಒಂದು ಕಣ್ಣು ತೆರೆಯಿತು. "ಏಳು ಮೊಗ್ಗು... ಇದಾವೆ... ಅಜ್ಜಾ. ಅರಳೋಕೆ... ತ್ರಾಣ... ಇಲ್ಲ. ನೀರು..." ಅಂತು. ಮತ್ತೆ ಕಣ್ಣು ಮುಚ್ಚಿತು. ಪಾಪ, ಇನ್ನೊಂದು ಮಾತಾಡೋಕೂ ಆಗಲಿಲ್ಲ ಅದಕ್ಕೆ.

ಅಲ್ಲೇ ತಿರುವಿನಲ್ಲಿ ಒಂದು ಕೈಪಂಪು. ಅಜ್ಜ ಓಡಿದ. ಈಗ ನಡೆಯಲಿಲ್ಲ, ಓಡಿದ! ಹಿಡಿ ಹಿಡಿದು ಒತ್ತಿದ. ಕೀಂಯ್. ಕೀಂಯ್. ಕೀಂಯ್. ಒಂದು ಹನಿ ಇಲ್ಲ.

"ಪಂಪೇ, ಪಂಪೇ, ನೀರು ಕೊಡು.
ನೀರು ಬಳ್ಳಿಗೆ. ಬಳ್ಳಿ ಹೂ ಕೊಡುತ್ತೆ.
ಹೂ ಜೇನಿಗೆ. ಜೇನು ಮೇಣ ಕೊಡುತ್ತೆ.
ಮೇಣ ಜಬ್ಬಾರನಿಗೆ. ಜಬ್ಬಾರ ತಿದಿ ಹೊಲೀತಾನೆ.
ತಿದಿ ಆಚಾರಿಗೆ. ಆಚಾರಿ ಉಳಿ ಹದ ಮಾಡ್ತಾನೆ.
ಉಳಿ ದುರ್ಗವ್ವನಿಗೆ. ದುರ್ಗವ್ವ ಒರಳಿಗೆ ಮುಳ್ಳು ಹೊಡೀತಾಳೆ.
ಒರಳು ಅಜ್ಜಿಗೆ. ಅಜ್ಜಿ ವಡೆ ಮಾಡ್ತಾಳೆ.
ವಡೆ ಕಾಗೆಗೆ. ಕಾಗೆ ಜೆಟ್ಟು ಕೊಡುತ್ತೆ.
ಜೆಟ್ಟು ನೀಲಕ್ಕನಿಗೆ. ನೀಲಕ್ಕ ಪಾಪೂನ ತರ್ತಾಳೆ."

ಅಬ್ಬಾ! ಅಜ್ಜನಿಗೆ ಏದುಸಿರು ಬಂತು.

"ಕೀಂಯ್" ಅಂತು ಪಂಪು. "ಎಲ್ಲರೂ ನೀರು ಕೊಡು, ನೀರು ಕೊಡು ಅಂತಾರೆ. ಬರಲಿಲ್ಲ ಅಂದ್ರೆ ಒದ್ದು ಹೋಗ್ತಾರೆ. ನಿನಗೆ ಏನಾಗಿದೆ ಅಂತ ಬಿಚ್ಚಿ ನೋಡಿದವರು ಒಬ್ಬರಿಲ್ಲ. ಕೀಂಯ್."

ಅಜ್ಜ ಹಾಗೇ ನಿಂತ. ಮುಖ ಅಗಲ ಆಯಿತು. ಮೀಸೆ ಮೇಲಕ್ಕೆ ಹೋಯಿತು.

"ಬಿಚ್ಚಿ ನೋಡೋದಾ?" ಅಂದ. "ಪಂಪೇ! ವಡೆ ಮಾಡು ಅಂದ್ರೆ ನನಗೆ ಬರಲ್ಲ. ಮುಳ್ಳು ಹೊಡಿ ಅಂದ್ರೆ ಬರಲ್ಲ. ಹದ ಬರಲ್ಲ, ಹೊಲಿಗೆ ಬರಲ್ಲ. ಹೂ ಅರಳಿಸೋಕೆ ಬರಲ್ಲ. ಆದ್ರೆ ಬಿಚ್ಚಿ ನೋಡೋದು ಇದೆಯಲ್ಲ, ಅದು ನನ್ನ ಕೆಲಸ!"

ಸೊಂಟದಿಂದ ಸ್ಪ್ಯಾನರ್ ಬಂತು. ಒಂದು ಬೋಲ್ಟು, ಎರಡು ಬೋಲ್ಟು, ಮೂರು ಬೋಲ್ಟು. ಮುಚ್ಚಳ ಎತ್ತಿದ. ಒಳಗೆ ಕೈ ಹಾಕಿದ. ಕಂಬಿ ಎಳೆದ. ನೋಡಿದರೆ, ಚರ್ಮದ ವಾಷರು ಸವೆದು ಹಪ್ಪಳ!

ಹೊಸ ವಾಷರಿಗೆ ಚರ್ಮ ಎಲ್ಲಿ? ಅಜ್ಜ ಆ ಕಡೆ ನೋಡಿದ. ಈ ಕಡೆ ನೋಡಿದ. ಕೊನೆಗೆ ಕೆಳಗೆ ನೋಡಿದ. ಕಾಲಲ್ಲಿ ಮೆಟ್ಟು. ಒಳ್ಳೇ ಎತ್ತಿನ ಚರ್ಮದ ಮೆಟ್ಟು, ಹಬ್ಬಕ್ಕೆ ಕೊಂಡದ್ದು.

ಒಂದು ಮೆಟ್ಟು ಬಿಚ್ಚಿದ. ಚಾಕು ತೆಗೆದ. ಸುತ್ತ ಕೊಯ್ದ. ನಡುವೆ ತೂತು ಮಾಡಿದ. ವಾಷರು! ಒಳಗೆ ಕೂರಿಸಿದ. ಮುಚ್ಚಳ ಮುಚ್ಚಿದ. ಒಂದು ಬೋಲ್ಟು, ಎರಡು ಬೋಲ್ಟು, ಮೂರು ಬೋಲ್ಟು. ಹಿಡಿ ಒತ್ತಿದ.

ಕೀಂಯ್.
ಕೀಂಯ್.
ಗುಳುಗುಳುಗುಳು... ಭಳ್!

ನೀರು! ಅಜ್ಜನ ಮೇಲೆಲ್ಲ ನೀರು! "ಹೋ ಹೋ ಹೋ!" ಅಂತ ನಕ್ಕ ಅಜ್ಜ. "ಹೋ ಹೋ ಹೋ!" ಅಂತ ನಕ್ಕಿತು ಪಂಪು.

ಈಗ ನೋಡಿ ಮಕ್ಕಳೇ, ಅಜ್ಜ ವಾಪಸು ಹೊರಟ. ಒಂದು ಕಾಲಿಗೆ ಮೆಟ್ಟು, ಒಂದು ಕಾಲು ಬರಿಗಾಲು. ಪಟ್, ತಪ್! ಪಟ್, ತಪ್! ಪಟ್, ತಪ್!

ನೀರು ಬಳ್ಳಿಗೆ ಕೊಟ್ಟ. ಬಳ್ಳಿ ಗಟ ಗಟ ಕುಡಿಯಿತು. ಕುಡಿ ಎತ್ತಿತು. ಮೊಗ್ಗು ಬಿಚ್ಚಿತು. ಪಟಕ್, ಪಟಕ್, ಪಟಕ್! ಏಳು ಹಳದಿ ಹೂ!

ಹೂ ಜೇನಿಗೆ ತೋರಿಸಿದ. "ಹೂ! ಹೂ! ಹೂ! ಝುಂ!" ಗೂಡಿಗೆ ಗೂಡೇ ಹಾರಿಬಂತು. "ಹಳೇ ತಟ್ಟಿನಲ್ಲಿ ಮೇಣ ಇದೆ! ಬೇಕಾದಷ್ಟು ತಗೋ! ಮಾತಾಡಿಸಬೇಡ! ಝುಂ!"

ಪಟ್, ತಪ್! ಪಟ್, ತಪ್! ಮೇಣ ಜಬ್ಬಾರನಿಗೆ ಕೊಟ್ಟ. ಜಬ್ಬಾರ್ ದಾರಕ್ಕೆ ಮೇಣ ಸವರಿದ. ಸುಯ್ ಸುಯ್ ಸುಯ್, ಸೂಜಿ ಓಡಿತು. ಸೀಳು ಮುಚ್ಚಿತು. ಜಬ್ಬಾರ್ ಅಂಗಡಿಯ ಪರದೆ ಇಳಿಸಿದ. "ತಮ್ಮಯ್ಯಣ್ಣಾ, ನಾನೂ ಬರ್ತೀನಿ. ನೀಲಕ್ಕ ಹೊರಡೋದು ನೋಡ್ಬೇಕು!"

ತಿದಿ ಆಚಾರಿಗೆ ಕೊಟ್ಟ. ಆಚಾರಿ ಒತ್ತಿದ. ಬುಸ್! ಬುಸ್! ಬುಸ್! ಕೆಂಡ ಕೆಂಪಾಯಿತು. ಉಳಿ ಕೆಂಪಾಯಿತು. ಠಣ್ ಠಣ್ ಬಡಿದ, ನೀರಿಗೆ ಅದ್ದಿದ. ಚುಂಯ್! ಆಚಾರಿಯ ಮುಖದಲ್ಲಿ ನಗು ಬಂತು. "ಎಷ್ಟು ಗಂಟೆಗೆ ಪಾಪು?" ಅಂದ. "ಐದಕ್ಕೆ." "ಮತ್ತೆ ನಿಂತಿದ್ದೀಯಲ್ಲ, ನಡಿ, ನಡಿ! ನಾನೂ ಬಂದೆ."

ಉಳಿ ದುರ್ಗವ್ವನಿಗೆ ಕೊಟ್ಟ. ದುರ್ಗವ್ವ ಸೆರಗು ಸಿಕ್ಕಿಸಿ ಎದ್ದಳು. ಅಜ್ಜನ ಮನೆಗೇ ಬಂದಳು. ಒರಳಿನ ಮುಂದೆ ಕೂತಳು. ಟಕ ಟಕ ಟಕ, ಟಕ ಟಕ ಟಕ! ಒರಳಿನ ತುಂಬ ಮುಳ್ಳು, ಹಲಸಿನ ಹಣ್ಣಿನ ಹಾಗೆ. ತೊಳೆದಳು, ಒರೆಸಿದಳು. "ತಗೋ ಅಜ್ಜವ್ವ, ಈಗ ರುಬ್ಬು. ಕಲ್ಲೂ ನುರೀತದೆ!"

ಒರಳು ಅಜ್ಜಿಗೆ. ಗರ ಗರ ಗರ ರುಬ್ಬಿದಳು. ಬೆಣ್ಣೆಯಂಥ ಹಿಟ್ಟು. ಎಣ್ಣೆ ಕಾಯಿತು. ತಟ್ಟಿದಳು, ತೂತು ಮಾಡಿದಳು, ಬಿಟ್ಟಳು. ಚೊರ್ರ್ರ್! ಹೊಂಬಣ್ಣದ ವಡೆ!

ಅಜ್ಜ ಎಲೆ ಹಾಕಿದ. ನಡುವೆ ವಡೆ ಇಟ್ಟ. ತಲೆ ಎತ್ತಿ ಕರೆದ. "ಕಾ! ಕಾ! ಕಾ!"

ಕಾಗೆ ಇಳಿದು ಬಂತು. ವಡೆ ನೋಡಿತು. ಸುತ್ತ ಒಂದು ಸಲ ಕುಪ್ಪಳಿಸಿತು. ಕೊಕ್ಕಿನಿಂದ ಮುಟ್ಟಿ ನೋಡಿತು. ಮೆತ್ತಗೆ, ಬಿಸಿಗೆ. "ಹಾಂ! ಇದಪ್ಪಾ ವಡೆ!" ಅಂತು. "ಮರ್ಯಾದೆ ಅಂದ್ರೆ ಇದು."

ಟಿಣ್! ಎಲೆ ಮೇಲೆ ಜೆಟ್ಟು ಬಿತ್ತು.

ಜೆಟ್ಟು ಸಿಕ್ಕಿತು! ಜೆಟ್ಟು ಸಿಕ್ಕಿತು! ಅಜ್ಜ ಊದಿದ, ಒರೆಸಿದ, ತೂತಿನಲ್ಲಿ ಬೆಳಕು ಬಂತಾ ಅಂತ ಒಂದು ಕಣ್ಣು ಮುಚ್ಚಿ ನೋಡಿದ. ಬಂತು. ಜೆಟ್ಟು ಹಾಕಿದ. ಮುಚ್ಚಳ ಹಾಕಿದ. ಸ್ಪ್ರಿಂಗು ಹಾಕಿದ. ಸ್ಕ್ರೂ ಬಿಗಿ ಮಾಡಿದ. ಎಲೆ ಖಾಲಿ. ಗಡಿಯಾರ ನಾಲ್ಕೂವರೆ.

ಕೀಲಿ ತಿರುಗಿಸಿದ. ಕೊರ್.

ಎಲ್ಲರೂ ಉಸಿರು ಬಿಗಿ ಹಿಡಿದರು. ದುರ್ಗವ್ವ ಹಿಡಿದಳು. ಆಚಾರಿ ಹಿಡಿದ. ಜಬ್ಬಾರ್ ಹಿಡಿದ. ಅಜ್ಜಿಯಂತೂ ಸೆರಗನ್ನೂ ಹಿಡಿದಳು.

ಮತ್ತೆ ತಿರುಗಿಸಿದ. ಕೊರ್... ಕೊರ್...

"ಬಾರೇ ನನ್ನವ್ವ" ಅಂತ ಸ್ಟೇರಿಂಗು ಸವರಿದ ಅಜ್ಜ. "ಪಾಪು ಕಾಯ್ತಾ ಇದೆ."

ಮತ್ತೆ ತಿರುಗಿಸಿದ.

ಬುರ್ರ್ರ್ರ್ರ್ರ್ರುಂ!

"ಓಹೋಹೋ!" ಅಂತ ಆಚಾರಿ. "ವಾಹ್ ನೀಲಕ್ಕಾ!" ಅಂತ ಜಬ್ಬಾರ್. ದುರ್ಗವ್ವ ಉಳಿ ಸುತ್ತಿಗೆ ಹಿಡಿದು ಟಕ ಟಕ ತಾಳ ಹಾಕಿದಳು. ನೀಲಕ್ಕ ಶೆಡ್ಡಿನಿಂದ ಹೊರಗೆ ಬಂದಳು, ದಸರಾ ಆನೆ ಬರುತ್ತಲ್ಲ, ಆ ಗತ್ತಿನಲ್ಲಿ. ಬೀದಿಗೆ ಇಳಿದಳು. ಪಂಪಿನ ಹತ್ತಿರ ಎಂಟು ಬಿಂದಿಗೆ ಸಾಲು ನಿಂತಿದ್ದವು. ಬಳ್ಳಿಯ ಹೂವಿನಲ್ಲಿ ಜೇನು ತುಂಬಿತ್ತು. ಎಲ್ಲರಿಗೂ ಹೇಳಿಕೊಂಡು ಹೋದಳು. "ಪೋಂಯ್! ಪೋಂಯ್! ಪೋಂಯ್!"

ಆಸ್ಪತ್ರೆಯ ಬಾಗಿಲು. ಗಡಿಯಾರ ಐದು. ನಳಿನಿ ನಿಂತಿದ್ದಳು. ಕೈಯಲ್ಲಿ ಬಿಳಿ ಬಟ್ಟೆಯ ಒಂದು ಗಂಟು. ಗಂಟಿನಿಂದ ಹೊರಗೆ ಒಂದು ಮೂಗು, ಅಷ್ಟೇ.

"ಅಪ್ಪಾ! ಬಂದ್ರಾ! ಅಯ್ಯೋ, ಒಂದು ಕಾಲಿನ ಮೆಟ್ಟು ಎಲ್ಲಿ?"

"ಪಂಪಿನಲ್ಲಿ."

"ಪಂಪಿನಲ್ಲಾ?"

"ಹತ್ತು, ಹತ್ತು. ದಾರೀ ಉದ್ದಕ್ಕೂ ಹೇಳ್ತೀನಿ."

ನಳಿನಿ ಹಿಂದಿನ ಸೀಟಿನಲ್ಲಿ ಕೂತಳು. ಬೆಲ್ಟು ಹಾಕಿಕೊಂಡಳು. ಅಜ್ಜ ಮೆಲ್ಲಗೆ, ಮೊಸರಿನ ಗಡಿಗೆ ಹೊತ್ತ ಹಾಗೆ ಮೆಲ್ಲಗೆ ಓಡಿಸಿದ. ದಾರಿಯಲ್ಲಿ ಹೇಳಿದ:

"ಪಂಪು ನೀರು ಕೊಡ್ತು, ಬಳ್ಳಿ ಹೂ ಕೊಡ್ತು,
ಜೇನು ಮೇಣ ಕೊಡ್ತು, ಜಬ್ಬಾರ ತಿದಿ ಹೊಲಿದ,
ಆಚಾರಿ ಉಳಿ ಹದ ಮಾಡಿದ, ದುರ್ಗವ್ವ ಮುಳ್ಳು ಹೊಡೆದಳು,
ನಿಮ್ಮಮ್ಮ ವಡೆ ಮಾಡಿದಳು, ಕಾಗೆ ಜೆಟ್ಟು ಕೊಡ್ತು,
ಜೆಟ್ಟು ನೀಲಕ್ಕನಿಗೆ ಬಂತು. ನೀಲಕ್ಕ ಪಾಪೂನ ತಂದಳು!"

ಮನೆಯಲ್ಲಿ ಸೂರ್ಯ ಮುಳುಗೋ ಹೊತ್ತು. ಪುಟ್ಟತಾಯಜ್ಜಿ ದೀಪದ ಮುಂದೆ ಕೂತಿದ್ದಳು. ಬತ್ತಿ ಹೊಸೆದು ಆಗಿತ್ತು. ಎಣ್ಣೆ ಹಾಕಿ ಆಗಿತ್ತು. ಕೈಯಲ್ಲಿ ಕಡ್ಡಿಪೆಟ್ಟಿಗೆ. ಗೀರಲಿಲ್ಲ. ಕಿವಿ ಬೀದಿಯ ಕಡೆ ಇತ್ತು.

ದೂರದಲ್ಲಿ ಕೇಳಿಸಿತು. ಏನು ಕೇಳಿಸಿತು? ಹೇಳಿ, ಹೇಳಿ, ಎಲ್ಲರೂ ಹೇಳಿ!

"ಪೋಂಯ್!"

ಅಜ್ಜಿ ಎದ್ದು ಬಾಗಿಲಿಗೆ ಓಡಿದಳು. ದೃಷ್ಟಿ ತಾಗದಿರಲಿ ಅಂತ ಕೆಂಪು ನೀರು ಇಳಿ ತೆಗೆದಳು. ದುರ್ಗವ್ವ, ಆಚಾರಿ, ಜಬ್ಬಾರ್ ಮೂವರೂ ಇಣುಕಿ ಇಣುಕಿ ನೋಡಿದರು. ಕಾಗೆ ಗೇಟಿನ ಮೇಲೆ ಕೂತು ನೋಡಿತು. ನಳಿನಿ ಬಲಗಾಲಿಟ್ಟು ಒಳಗೆ ಬಂದಳು.

ಪಾಪು ಏನು ಮಾಡಿತು? ಇಷ್ಟೆಲ್ಲ ಆಯಿತಲ್ಲ, ಪಾಪು ಏನು ಮಾಡಿತು? ದಾರಿಯುದ್ದಕ್ಕೂ ನಿದ್ದೆ ಮಾಡಿತು! ನೀಲಕ್ಕ ಬುರ್ ಅಂದರೂ ನಿದ್ದೆ, ಪೋಂಯ್ ಅಂದರೂ ನಿದ್ದೆ. ಹೊಸ್ತಿಲು ದಾಟಿದ ಮೇಲೆ ಒಂದು ಕಣ್ಣು ತೆರೆಯಿತು. ಅಜ್ಜನ ಮೀಸೆ ನೋಡಿತು. ಬಾಯಿ ಅಗಲ ಮಾಡಿ ಆಕಳಿಸಿತು.

ಆಗ ಅಜ್ಜಿ ಕಡ್ಡಿ ಗೀರಿದಳು. ದೀಪ ಹಚ್ಚಿದಳು.

ಪಾಪು ತೊಟ್ಟಿಲಿಗೆ. ನೀಲಕ್ಕ ಶೆಡ್ಡಿಗೆ. ಕಾಗೆ ಗೂಡಿಗೆ. ವಡೆ ಎಲ್ಲರ ಹೊಟ್ಟೆಗೆ. ಈ ಕತೆ ನಿಮ್ಮ ಕಿವಿಗೆ.